ಸಾಹುಕಾರರ ಅರ್ಧಾಣೆ ಬಿಲ್ಲೆ

ನಮ್ಮ ಮನೆಯ ಕಬ್ಬಿಣದ ಕಪಾಟಿಗೆ ಇರುವೆ ಬಂದಿದೆ. ಅಡುಗೆಮನೆಯ ಸಕ್ಕರೆ ಡಬ್ಬಿಗೆ ಬಂದಿದ್ದರೆ ಅದೊಂದು ಸುದ್ದಿಯೇ ಅಲ್ಲ. ಆದರೆ ಈ ಕಪಾಟಿನಲ್ಲಿರುವುದು ಸೀರೆ, ಶಾಲು, ಜಾಗದ ದಾಖಲೆಪತ್ರ ಮತ್ತು ನುಸಿಗುಳಿಗೆ. ಇವುಗಳಲ್ಲಿ ಯಾವುದನ್ನೂ ಇರುವೆ ತಿನ್ನುವುದಿಲ್ಲ ಎಂದು ಗೊತ್ತಿದ್ದ ನನ್ನ ಹೆಂಡತಿ, ಸಾಲು ಎಲ್ಲಿಗೆ ಹೋಗುತ್ತದೆ ಎಂದು ಬೆನ್ನು ಹಿಡಿದು ಹೋದಳು. ಅದು ಹೋದದ್ದು ನನ್ನ ಆಲ್ಬಮ್ಮಿಗೆ.

"ಇದರೊಳಗೆ ಎಂತ ಉಂಟು?" ಎಂದು ಕೇಳಿದಳು.

"ಬಿಲ್ಲೆಗಳು."

"ಹಿತ್ತಾಳೆಗೆ ಇರುವೆ ಬರ್ತದಾ?"

ಅಷ್ಟರಲ್ಲಿ ಅವಳು ಪುಟ ತಿರುವಿ ಆಗಿತ್ತು. ಪ್ರತಿ ಪುಟದಲ್ಲೂ ಸಣ್ಣ ಸಣ್ಣ ಪ್ಲಾಸ್ಟಿಕ್ ಕಿಸೆಗಳು, ಕಿಸೆಗೊಂದು ಬಿಲ್ಲೆ, ಬಿಲ್ಲೆಯ ಕೆಳಗೆ ನನ್ನ ಅಕ್ಷರದಲ್ಲಿ ಊರು ಮತ್ತು ಅಂಗಡಿಯ ಹೆಸರು. ನಾಲ್ಕನೇ ಪುಟದ ಕೊನೆಯ ಕಿಸೆಯಲ್ಲಿ ಮಾತ್ರ ಹಸಿರು ಕಾಗದ ಸುತ್ತಿದ ಒಂದು ಮಾವಿನಕಾಯಿ ಚಾಕಲೇಟು ಕುಳಿತಿತ್ತು. ಅದರ ಕೆಳಗೂ ಚೆಂದದ ಅಕ್ಷರದಲ್ಲಿ "ಅರ್ಧಾಣೆ, ಪುತ್ತೂರು" ಎಂದು ಬರೆದಿತ್ತು.

"ಇದೂ ಯುದ್ಧದ ಕಾಲದ್ದಾ?" ಎಂದಳು.

ಕಳೆದ ತಿಂಗಳದ್ದು ಎಂದೆ. ನಲವತ್ತೊಂದು ವರ್ಷ ನನ್ನೊಂದಿಗೆ ಬಾಳಿದ ಹೆಂಗಸು ಇಷ್ಟಕ್ಕೆಲ್ಲ ಬೆಚ್ಚಿಬೀಳುವುದಿಲ್ಲ. ಕುರ್ಚಿ ಎಳೆದುಕೊಂಡು, "ಹೇಳಿ" ಎಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನೀವೂ ಕುಳಿತುಕೊಳ್ಳಿ, ಸ್ವಲ್ಪ ಉದ್ದ ಉಂಟು.

ಮೊದಲಿಗೆ ಈ ಬಿಲ್ಲೆಗಳ ವಿಷಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೇಟೆಯಿಂದ ಚಿಲ್ಲರೆ ಮಾಯವಾಯಿತು. ಲೋಹವೆಲ್ಲ ಯುದ್ಧಕ್ಕೆ ಬೇಕಾಯಿತು. ಜನರು ಕೈಯಲ್ಲಿದ್ದ ಅಷ್ಟಿಷ್ಟನ್ನು ಮಡಕೆಯಲ್ಲಿ ಹಾಕಿ ಮುಚ್ಚಿಟ್ಟರು. ಉಪ್ಪು, ಬೆಲ್ಲ ಕೊಳ್ಳಲು ಬಂದವರಿಗೆ ಉಳಿದ ಅರ್ಧಾಣೆಯನ್ನು ವಾಪಸು ಕೊಡಲು ಅಂಗಡಿಯವನ ಹತ್ತಿರ ಏನೂ ಇಲ್ಲ. ಕೆಲವರು ವೀಳ್ಯದೆಲೆ ಕೊಟ್ಟರು, ಕೆಲವರು ಬೆಂಕಿಪೆಟ್ಟಿಗೆ ಕೊಟ್ಟರು. ಸ್ವಲ್ಪ ಗಟ್ಟಿ ಕುಳಗಳಾದ ವ್ಯಾಪಾರಿಗಳು ಹಿತ್ತಾಳೆಯ ತುಂಡಿನ ಮೇಲೆ ತಮ್ಮ ಹೆಸರು ಹೊಡೆಸಿ ಕೊಟ್ಟರು. ಇನ್ನೊಮ್ಮೆ ಬರುವಾಗ ಇದನ್ನು ತನ್ನಿ, ಸಾಮಾನಾದರೂ ಒಯ್ಯಿರಿ, ಚಿಲ್ಲರೆ ಬಂದರೆ ಚಿಲ್ಲರೆಯಾದರೂ ಒಯ್ಯಿರಿ ಎಂದು ಅದರ ಅರ್ಥ.

ನಾನು ಇವುಗಳನ್ನು ಕೂಡಿಸುವವನು. ಎರಡು ಶಾಲೆಗಳಲ್ಲಿ, ಒಂದು ವಾಚನಾಲಯದಲ್ಲಿ ಇದರ ಬಗ್ಗೆ ಭಾಷಣವನ್ನೂ ಮಾಡಿದ್ದೇನೆ. ಭಾಷಣದ ಕೊನೆಗೆ ಎದೆಯುಬ್ಬಿಸಿ ಒಂದು ವಾಕ್ಯ ಹೇಳುವುದಿತ್ತು: "ಮಕ್ಕಳೇ, ಬಿಲ್ಲೆ ಎಂದರೆ ಹಣವಲ್ಲ, ಅಂಗಡಿಯವನ ಮಾತು. ಮಾತು ತೀರಿದ ದಿನ ಬಿಲ್ಲೆ ಅಂಗಡಿಗೆ ವಾಪಸು." ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು, ಮುಖ್ಯವಾಗಿ ಮುಗಿಯಿತಲ್ಲ ಎಂಬ ಸಂತೋಷಕ್ಕೆ. ಈ ವಾಕ್ಯವನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಈ ಹುಚ್ಚಿಗೆ ನನ್ನ ಉದ್ಯೋಗವೂ ಕಾರಣ. ಮೂವತ್ತನಾಲ್ಕು ವರ್ಷ ಪುತ್ತೂರು, ಸುಳ್ಯ, ಕಡಬದ ಗುಡ್ಡಗಳಲ್ಲಿ ಜಾಗ ಅಳೆಯುವ ಸರಪಳಿ ಎಳೆದವನು ನಾನು. ಸರ್ವೆಯವರು ಮನೆಗೆ ಬಂದರೆಂದರೆ ಒಂದೋ ಜಾಗ ಹೋಗುತ್ತದೆ, ಇಲ್ಲವೇ ನೆರೆಯವನೊಂದಿಗೆ ಮಾತು ಹೋಗುತ್ತದೆ ಎಂದು ಜನರ ನಂಬಿಕೆ. ನಿವೃತ್ತನಾಗಿ ಎಂಟು ವರ್ಷವಾದರೂ ಆ ಹೆದರಿಕೆ ಹೋಗಿಲ್ಲ. ಹಳೆಯ ಬಿಲ್ಲೆ ಇದೆಯೇ ಎಂದು ಕೇಳಿಕೊಂಡು ಹೋದರೆ ಯಾರೂ ನಂಬುವುದಿಲ್ಲ. ಮಂಡೆಕೋಲಿನ ಬಾಲಣ್ಣನಿಗೆ, ಬರುತ್ತೇನೆ, ಸ್ವಲ್ಪ ಕೆಲಸ ಉಂಟು ಎಂದು ಫೋನು ಮಾಡಿದ್ದೆ, ಅಷ್ಟೆ. ಹೋಗಿ ನೋಡಿದರೆ ಪಕ್ಕದವರ ಜಾಗದಲ್ಲಿದ್ದ ತನ್ನ ಬೇಲಿಯನ್ನು ಎರಡಡಿ ಹಿಂದಕ್ಕೆ ಹಾಕಿಕೊಂಡು, ಹಳೆಯ ಗುಂಡಿಗಳ ಮೇಲೆ ಸೊಪ್ಪು ಹರಡಿ, ಬೆವರೊರೆಸುತ್ತಾ ನಿಂತಿದ್ದ. ನಾನು ಬಂದ ಕಾರಣ ತಿಳಿದ ಮೇಲೆ ಅವನ ಮುಖದಲ್ಲಿ ಕಂಡ ಸಂಕಟವನ್ನು ವರ್ಣಿಸಲಾರೆ.

ಕಡಬದ ಹತ್ತಿರದ ತೋಮಸ್ ಚೇಟನ ವಿಷಯ ಬೇರೆ. ಅವರ ತಂದೆ ಕೇರಳದಿಂದ ಬಂದು ಇಲ್ಲಿ ರಬ್ಬರ್ ಹಾಕಿದ್ದೇ ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ. ಆದರೂ ಮನೆಗೆ ಬಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಒಳಗೆ ಹುಡುಕಿ, ಇಗರ್ಜಿಯ ಹಬ್ಬದ ಊಟಕ್ಕೆ ಕೊಡುವ ಒಂದು ಟೋಕನ್ ತಂದು ಕೈಗಿಟ್ಟರು. "ಇದಕ್ಕೂ ಯುದ್ಧ ಆಗಿದೆ ಸರ್, ಬಿರಿಯಾನಿ ಸಾಲಿನಲ್ಲಿ" ಎಂದರು. ಅದನ್ನೂ ಆಲ್ಬಮ್ಮಿನಲ್ಲಿ ಇಟ್ಟಿದ್ದೇನೆ. ಸ್ನೇಹಕ್ಕೆ ಒಂದು ಕಿಸೆ ಖರ್ಚಾದರೆ ತಪ್ಪೇನಿಲ್ಲ.

ಮಂಡೆಕೋಲಿಗೆ ವಾಪಸು ಬರೋಣ. ಬೇಲಿಯ ದುಃಖ ಸ್ವಲ್ಪ ಇಳಿದ ಮೇಲೆ ಬಾಲಣ್ಣ ಅಡಿಕೆಗೆ ಮದ್ದು ಬಿಡುವ ತನ್ನ ಪಂಪನ್ನು ಬಿಚ್ಚಿ, ಒಳಗಿನಿಂದ ಒಂದು ವಾಷರ್ ತೆಗೆದು ತೋರಿಸಿದ. ತೊಳೆದು ನೋಡಿದರೆ ಹಿತ್ತಾಳೆಯ ಬಿಲ್ಲೆ! ಒಂದು ಮಗ್ಗುಲಲ್ಲಿ "ಮಾ. ಸಾ. ಉಪ್ಪಿನಂಗಡಿ", ಇನ್ನೊಂದರಲ್ಲಿ "ಅರ್ಧಾಣೆ". ನಡುವೆ ಮಾತ್ರ ಕಿರುಬೆರಳು ಹೋಗುವಷ್ಟು ದೊಡ್ಡ ತೂತು. ಬಾಲಣ್ಣನ ಅಪ್ಪನೇ ಕೊರೆಸಿದ್ದಂತೆ. ಉಪ್ಪಿನಂಗಡಿಯ ಮಾಧವ ಸಾಹುಕಾರರ ದಿನಸಿ ಅಂಗಡಿಯ ಬಿಲ್ಲೆಯ ಬಗ್ಗೆ ನನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಕಂಡದ್ದು ಹೀಗೆ ಕಂಡಿತಲ್ಲ ಎಂದು ಹೊಟ್ಟೆ ಉರಿಯಿತು.

ನನ್ನ ಮುಖ ನೋಡಿ ಬಾಲಣ್ಣನಿಗೆ ಪಾಪ ಅನಿಸಿರಬೇಕು. "ತೂತಿಲ್ಲದ್ದು ಒಂದು ಉಂಟು ಮಾರಾಯ್ರೆ, ಐವರ್ನಾಡಿನಲ್ಲಿ, ನನ್ನ ಚಿಕ್ಕಮ್ಮ ನೀಲಕ್ಕನ ಮನೆಯಲ್ಲಿ. ಆದ್ರೆ ಅದು ನಿಮಗೆ ಸಿಕ್ಕುದಿಲ್ಲ. ಅದು ದೇವರದ್ದು" ಎಂದ.

ಮರುದಿನವೇ ಐವರ್ನಾಡಿಗೆ ಹೋದೆ. ನೀಲಕ್ಕನಿಗೆ ಎಂಬತ್ತರ ಹತ್ತಿರ ಹತ್ತಿರ ಪ್ರಾಯ, ಸಪೂರ ಮೈ, ಕಿವಿ ಚುರುಕು. ನನ್ನನ್ನು ಕಂಡದ್ದೇ ಸೊಸೆಗೆ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಏನೋ ಹೇಳಿದರು. ಸೊಸೆ ಒಳಗೆ ಹೋಗಿ ಜಾಗದ ಪತ್ರಗಳ ಚೀಲವನ್ನೇ ಎತ್ತಿಕೊಂಡು ಬಂದಳು. ಅದು ಬೇಡ ಎಂದು ತಿಳಿಹೇಳಿ, ಬೆಲ್ಲ ನೀರು ಕುಡಿದು, ವಿಷಯ ಹೇಳಲು ಅರ್ಧ ಗಂಟೆ ಹಿಡಿಯಿತು.

ಆಮೇಲೆ ನೀಲಕ್ಕ ಕೈಕಾಲು ತೊಳೆದು ಬಂದು, ದೇವರ ಮಂಟಪದ ಹಿಂದಿನಿಂದ ಒಂದು ಸಣ್ಣ ಗಂಟು ತೆಗೆದರು. ಅರಸಿನ ಬಟ್ಟೆ ಕಂದಾಗಿ ಹೋಗಿತ್ತು. ನಮ್ಮಲ್ಲಿ ಇದಕ್ಕೆ ಮುಡಿಪು ಎನ್ನುತ್ತಾರೆ. ಕಷ್ಟ ಬಂದಾಗ ದೇವರಿಗೆ ಹರಕೆ ಹೇಳಿಕೊಂಡು, ಅರಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿಡುವುದು. ಕಷ್ಟ ಕಳೆದ ಮೇಲೆ ಒಯ್ದು ಒಪ್ಪಿಸುವುದು.

"ನಮ್ಮ ಅತ್ತೆ ಕಟ್ಟಿದ್ದು" ಎಂದರು ನೀಲಕ್ಕ. "ನಮ್ಮವರು ಆಗ ಕೈಕೂಸು. ಜ್ವರ ಬಂದು ಮೂರು ದಿವಸ ಕಣ್ಣು ಬಿಡ್ಲಿಲ್ಲ ಅಂತೆ. ಸುಬ್ರಹ್ಮಣ್ಯ ದೇವರಿಗೆ ಕಟ್ಟುವ ಅಂತ ಹೇಳಿದ್ರೆ ಮನೆಯಲ್ಲಿ ಒಂದು ಕಾಸು ಇಲ್ಲ. ಇದ್ದದ್ದು ಸಾಹುಕಾರ್ರ ಬಿಲ್ಲೆ. 'ದೇವರೇ, ಈ ಬಿಲ್ಲೆಯ ಅರ್ಧಾಣೆ ಸಾಹುಕಾರ್ರು ಕೊಟ್ಟ ಕೂಡ್ಲೆ ಅದು ನಿನಗೆ' ಅಂತ ಹೇಳಿ ಇದನ್ನೇ ಕಟ್ಟಿದ್ರು. ಕೂಸು ಉಳೀತು."

"ಮತ್ತೆ ಒಪ್ಪಿಸಲಿಲ್ಲವಾ?"

"ಅರ್ಧಾಣೆ ಸಿಕ್ಕಿದ್ರೆ ಅಲ್ವಾ? ಅತ್ತೆ ಕೇಳ್ಲಿಕ್ಕೆ ಹೋಗುವಾಗ ಉಪ್ಪಿನಂಗಡಿಯಲ್ಲಿ ನೆರೆ ಬಂದು ಸಾಹುಕಾರ್ರ ಅಂಗಡಿಯೇ ಇರ್ಲಿಲ್ಲ. ಪುತ್ತೂರಿಗೆ ಹೋದ್ರು ಅಂದ್ರು, ಎಲ್ಲಿ ಅಂತ ಗೊತ್ತಿಲ್ಲ."

ಬೇರೆ ಯಾವುದಾದರೂ ನಾಣ್ಯವನ್ನು ಒಪ್ಪಿಸಬಹುದಿತ್ತಲ್ಲ ಎಂದೆ. ನೀಲಕ್ಕ ನನ್ನನ್ನು, ಬೇರೆಯವರ ಜಾಗವನ್ನು ತಮ್ಮ ಹೆಸರಿಗೆ ಅಳೆದುಕೊಡಲು ಹೊರಟವನನ್ನು ನೋಡುವ ಹಾಗೆ ನೋಡಿದರು. "ಸಾಹುಕಾರ್ರ ಕೈಯಿಂದ ಬಂದ ಅರ್ಧಾಣೆ ಅಂತ ದೇವರ ಹತ್ರ ಹೇಳಿ ಆಗಿದೆ. ಈಗ ಬೇರೆ ಕೊಟ್ರೆ ಅದು ಬೇರೆಯೇ ಆಯ್ತಲ್ಲ" ಎಂದರು. ಹಾಗೆಂದು ಬಿಲ್ಲೆಯನ್ನೇ ಹುಂಡಿಗೆ ಹಾಕುವುದಕ್ಕೂ ಅವರು ತಯಾರಿರಲಿಲ್ಲ. ಸಾಹುಕಾರರ ಸಾಲ ವಸೂಲು ಮಾಡುವ ಕೆಲಸವನ್ನು ದೇವರಿಗೆ ಹಚ್ಚುವುದು ಸರಿಯಲ್ಲ ಎಂಬುದು ಅವರ ಅಭಿಪ್ರಾಯ.

"ನಮ್ಮವರು ಎಂಬತ್ತು ದಾಟಿ ಬದುಕಿದ್ರು. ನಾಲ್ಕು ಮಕ್ಕಳ ಮದುವೆ ಮಾಡಿದ್ರು. ಹೋಗಿ ಈಗ ನಾಲ್ಕು ವರ್ಷ. ದೇವರು ಅವನ ಕೆಲಸ ಪೂರ್ತಿ ಮಾಡಿ ಆಯ್ತು, ನಮ್ಮದು ಮಾತ್ರ ಬಾಕಿ. ಅತ್ತೆ ನನ್ನ ಕೈಯಲ್ಲಿ ಕೊಟ್ಟು ಹೋದದ್ದು. ನಾನು ಇದನ್ನು ಸೊಸೆ ಕೈಗೆ ಕೊಟ್ಟು ಹೋಗ್ಬಾರದು." ಅವರ ದನಿ ಸಣ್ಣಗಾಯಿತು. ಆಮೇಲೆ ನನ್ನನ್ನು ನೇರ ನೋಡಿ, "ನೀವು ಸರ್ವೆಯವರು. ಯಾರ ಜಾಗ ಯಾರಿಗೆ ಹೋಯ್ತು, ಯಾರ ಮಕ್ಕಳು ಎಲ್ಲಿದ್ದಾರೆ, ನಿಮಗೆ ಗೊತ್ತಿಲ್ಲದ್ದು ಎಂತ ಉಂಟು? ಸಾಹುಕಾರ್ರ ಕಡೆಯವರನ್ನು ಹುಡುಕಿ ಕೊಡಿ. ಅರ್ಧಾಣೆ ಸಿಕ್ಕಿದ್ರೆ ಬಿಲ್ಲೆ ನನಗೆ ಎಂತಕ್ಕೆ?" ಎಂದರು.

ಆ ಕೊನೆಯ ಮಾತು ನನಗೆ ಮಂತ್ರದ ಹಾಗೆ ಕೇಳಿತು. ಗಂಟಿನ ಮೇಲಿನಿಂದಲೇ ಮುಟ್ಟಲು ಕೇಳಿಕೊಂಡೆ. ದುಂಡಗಿತ್ತು. ತೂತಿರಲಿಲ್ಲ.

ಸಾಹುಕಾರರ ಮೊಮ್ಮಗನನ್ನು ಹುಡುಕಲು ನನಗೆ ಹಿಡಿದದ್ದು ಬರೇ ನಾಲ್ಕು ದಿನ. ಹಳೆಯ ದಾಖಲೆಗಳಲ್ಲಿ ಒಂದು ಹೆಸರಿನ ಬಾಲ ಹಿಡಿದು ಹೋದರೆ ಎಲ್ಲರೂ ಸಿಗುತ್ತಾರೆ. ಅವನು ಸಿಕ್ಕಿದ್ದು ನಮ್ಮ ಮನೆಯಿಂದ ಐದು ನಿಮಿಷದ ದಾರಿಯಲ್ಲಿ. ಪುತ್ತೂರು ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಪ್ರಕಾಶ. ನನ್ನ ಫೋನಿಗೆ ಎರಡು ಸಲ ಗಾಜು ಹಾಕಿಕೊಟ್ಟವನು. ಕಥೆ ಕೇಳಿ ತಲೆ ಕೆರೆದುಕೊಂಡ. ಅಜ್ಜನಿಗೆ ಅಂಗಡಿ ಇತ್ತೆಂದು ಗೊತ್ತು, ಬಿಲ್ಲೆಯ ಸುದ್ದಿ ಗೊತ್ತಿಲ್ಲ. "ಕೊಡುವ ಸರ್, ಅಜ್ಜನ ಲೆಕ್ಕ ಅಲ್ವಾ. ನೂರು ರೂಪಾಯಿ ಕೊಡ್ಲಾ?" ಎಂದ. ನೂರು ಬೇಡ, ಅರ್ಧಾಣೆಯೇ ಆಗಬೇಕು ಎಂದೆ. ಅವನು ಅರ್ಧಾಣೆಯನ್ನು ಕಣ್ಣಲ್ಲಿ ಕಂಡವನೇ ಅಲ್ಲ.

ಅರ್ಧಾಣೆ ಇದ್ದದ್ದು ನನ್ನ ಹತ್ತಿರ. ಚೌಕದ್ದು, ಮೂಲೆಗಳು ಮೊಂಡಾದದ್ದು, ಆ ಯುದ್ಧದ ಕಾಲದ್ದೇ. ನನ್ನ ಸಂಗ್ರಹದ ಮೊದಲ ನಾಣ್ಯ ಅದು. ಹೇಗೆ ಬಂತೆಂದು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ.

ನಾಲ್ಕು ವರ್ಷದವನಿದ್ದಾಗ ಅಜ್ಜಿಯ ಎಲೆಯಡಿಕೆ ಪೆಟ್ಟಿಗೆಯಲ್ಲಿದ್ದ ಅದನ್ನು ನುಂಗಿದ್ದೆ. ಅದು ಹೋಗಿಬಿಟ್ಟಿತೆಂದು ಅಮ್ಮ ಅತ್ತಳು, ನಾನು ಹೋಗಿಬಿಡುತ್ತೇನೆಂದು ಅಜ್ಜಿ ಅತ್ತಳು. ನನಗೆ ಮೂರು ದಿನ ಬಾಳೆಹಣ್ಣು ಬಿಟ್ಟು ಬೇರೇನೂ ಕೊಡಲಿಲ್ಲ. ಹಿತ್ತಲಿನಲ್ಲಿ ನಾನು ಕುಳಿತಾಗಲೆಲ್ಲ ಅಜ್ಜಿ ಒಂದು ಕೋಲು ಹಿಡಿದು ಹಿಂದೆ ನಿಂತಿರುತ್ತಿದ್ದಳು. ಮೂರನೇ ದಿನ ಮಧ್ಯಾಹ್ನ ಅವಳು ಕೂಗಿದ ಕೂಗಿಗೆ ನೆರೆಮನೆಯವರು ಓಡಿ ಬಂದಿದ್ದರಂತೆ. ಬೂದಿ, ಹುಣಿಸೆಹುಳಿ ಹಾಕಿ ತಿಕ್ಕಿ ತೊಳೆದು, "ಇಷ್ಟು ಕಷ್ಟಪಟ್ಟು ಕಾಪಾಡಿದ್ದೀಯಲ್ಲ, ನೀನೇ ಇಟ್ಟುಕೋ" ಎಂದು ಅದನ್ನು ನನಗೇ ಕೊಟ್ಟಳು.

ಅದನ್ನು ಬಿಟ್ಟುಕೊಡಲು ಮನಸ್ಸು ಸುಲಭಕ್ಕೆ ಒಪ್ಪಲಿಲ್ಲ. ಪೇಟೆಯಲ್ಲಿ ಇನ್ನೊಂದನ್ನು ಕೊಳ್ಳಬಹುದಿತ್ತು, ದೊಡ್ಡ ಬೆಲೆಯೇನಿಲ್ಲ. ಆದರೆ ತರಿಸಲು ವಾರ ಹಿಡಿಯುತ್ತದೆ. ಅಷ್ಟರಲ್ಲಿ ನೀಲಕ್ಕ ಮನಸ್ಸು ಬದಲಿಸಿದರೆ? ಆಸೆ ಗಡಿಬಿಡಿ ಮಾಡಿತು. ಅರ್ಧಾಣೆ ಹೋದರೆ ಹೋಗಲಿ, ತೂತಿಲ್ಲದ ಬಿಲ್ಲೆ ಬರುತ್ತದಲ್ಲ ಎಂದು ಲೆಕ್ಕ ಹಾಕಿದೆ.

ಮುಂದಿನ ಸೋಮವಾರವೇ ನೀಲಕ್ಕ ಸೊಸೆಯೊಂದಿಗೆ ಪ್ರಕಾಶನ ಅಂಗಡಿಗೆ ಬಂದಿಳಿದರು. ಜರಿಯಂಚಿನ ಸೀರೆ, ಕೈಯಲ್ಲಿ ಒಂದು ಹೊಸ ಅರಸಿನ ಬಟ್ಟೆ. ಇಲ್ಲಿಂದ ಸೀದಾ ಸುಬ್ರಹ್ಮಣ್ಯಕ್ಕೆ ಹೋಗುವ ತಯಾರಿ. ಪ್ರಕಾಶನಿಗೆ ಇಂಥ ಗಿರಾಕಿಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ತಿಳಿಯದೆ, ಕೌಂಟರಿನ ಮೇಲಿದ್ದ ಬಿಚ್ಚಿದ ಫೋನುಗಳನ್ನೆಲ್ಲ ಬದಿಗೆ ಸರಿಸಿ, ಎರಡು ಊದುಬತ್ತಿ ಹಚ್ಚಿ, ಚಪ್ಪಲಿ ಕಳಚಿ ನಿಂತಿದ್ದ. ಚಾರ್ಜರ್ ಕೇಳಲು ಬಂದ ಒಬ್ಬರು ಇದನ್ನು ನೋಡಿ ತಾವೂ ಚಪ್ಪಲಿ ಕಳಚಿದರು.

ನನ್ನ ಅರ್ಧಾಣೆಯನ್ನು ನಾನು ಪ್ರಕಾಶನಿಗೆ ಕೊಟ್ಟೆ. ಪ್ರಕಾಶ ಅದನ್ನು ಎರಡೂ ಕೈಯಲ್ಲಿ ಹಿಡಿದು, "ಅಜ್ಜನ ಲೆಕ್ಕದ್ದು ಅಮ್ಮ, ತುಂಬ ತಡ ಆಯ್ತು" ಎಂದು ನೀಲಕ್ಕನಿಗೆ ಕೊಟ್ಟ. ಆ ಮಾತನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀಲಕ್ಕ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನೋಡಿದರು. ಕಣ್ಣಲ್ಲಿ ನೀರು ಬಂತು.

ಆಮೇಲೆ ಸೊಸೆಯ ಬಾಟಲಿಯಿಂದ ಅರಸಿನ ನೀರು ಸುರಿಸಿಕೊಂಡು ನಾಣ್ಯವನ್ನು ಚೆನ್ನಾಗಿ ತೊಳೆದರು. "ದೇವರಿಗೆ ಕೊಡುದಲ್ವಾ. ಯಾರ್ಯಾರ ಕೈ ದಾಟಿ ಬಂದದ್ದೋ ಎಂತದೋ" ಎಂದರು. ನಾನು ಗೋಡೆಯ ಮೇಲಿದ್ದ ಫೋನಿನ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಕೈ ದಾಟಿದ್ದರ ಬಗ್ಗೆ ನನಗೆ ಯಾವ ಚಿಂತೆಯೂ ಇರಲಿಲ್ಲ.

ಹಳೆಯ ಗಂಟು ಬಿಚ್ಚಿತು. ಬಿಲ್ಲೆ ಕೌಂಟರಿನ ಗಾಜಿನ ಮೇಲೆ ಬಿದ್ದು ಟಣ್ ಎಂದಿತು. ಅರಸಿನದಲ್ಲಿ ಇದ್ದೂ ಇದ್ದೂ ಬಂಗಾರದ ಬಣ್ಣ ಬಂದಿತ್ತು. ಒಂದು ಗೀರಿಲ್ಲ, ಅಕ್ಷರ ಸವೆದಿಲ್ಲ. ನಾನು ಕಿಸೆಯಿಂದ ಹತ್ತಿಯಿಟ್ಟ ಸಣ್ಣ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಕೈ ಮುಂದೆ ಚಾಚಿದೆ.

ಅಷ್ಟರಲ್ಲಿ ಪ್ರಕಾಶ ಅದನ್ನು ಎತ್ತಿಕೊಂಡಿದ್ದ. ಫೋನಿನ ಸಣ್ಣ ಸ್ಕ್ರೂ ನೋಡುವ ಭೂತಗನ್ನಡಿಯ ಕೆಳಗೆ ಹಿಡಿದು ಓದಿದ. "ಮಾ. ಸಾ... ಅಜ್ಜನ ಹೆಸರು ಸರ್!" ಎಂದ. ಕಣ್ಣಿಗೊತ್ತಿಕೊಂಡ. ಆಮೇಲೆ ಅದನ್ನು ತನ್ನ ಅಂಗಿಯ ಕಿಸೆಗೆ ಹಾಕಿಕೊಂಡ.

"ಪ್ರಕಾಶ, ಅದು..." ಎಂದೆ, ಡಬ್ಬಿ ಹಿಡಿದುಕೊಂಡು.

"ನೆರೆಯಲ್ಲಿ ಎಲ್ಲ ಹೋಯ್ತು ಸರ್. ಅಜ್ಜನದ್ದು ಅಂತ ಮನೆಯಲ್ಲಿ ಒಂದು ಚಮಚ ಕೂಡ ಇಲ್ಲ. ಅಪ್ಪನಿಗೆ ತೋರಿಸ್ಬೇಕು. ಅವರು ಹಾಸಿಗೆಯಲ್ಲೇ ಇರುದು."

ನಾನು ನೀಲಕ್ಕನ ಕಡೆ ನೋಡಿದೆ. ಬಿಲ್ಲೆ ನನಗೆ ಎಂತಕ್ಕೆ ಎಂದು ಹೇಳಿದವರು ಅವರೇ ಅಲ್ಲವೇ? ನೀಲಕ್ಕ ಹೊಸ ಗಂಟು ಬಿಗಿಯುತ್ತಾ, ಗಡಿಕಲ್ಲು ನೆಟ್ಟಷ್ಟು ಖಚಿತವಾಗಿ ತೀರ್ಪು ಹೇಳಿದರು: "ಅರ್ಧಾಣೆ ಕೊಟ್ರು, ಅವರ ಬಿಲ್ಲೆ ಅವರಿಗೆ ವಾಪಸು ಬಂತು. ಅದು ಹಾಗೆಯೇ ಅಲ್ವಾ ಸರ್ವೆಯವರೇ?"

ಹಾಗೆಯೇ. ಎರಡು ಶಾಲೆ, ಒಂದು ವಾಚನಾಲಯದಲ್ಲಿ ಎದೆಯುಬ್ಬಿಸಿ ಹೇಳಿದ್ದು ಅದನ್ನೇ. ಇಡೀ ತಾಲೂಕಿನಲ್ಲಿ ಆ ನಿಯಮವನ್ನು ಮರೆತ ಒಬ್ಬನೇ ಒಬ್ಬ ಮನುಷ್ಯ ಅದರ ಭಾಷಣಕಾರ.

"ಆದ್ರೆ ನಿಮ್ಮ ಅರ್ಧಾಣೆ ಅವರು ನಿಮಗೆ ಕೊಡ್ಲಿಕ್ಕುಂಟು" ಎಂದು ನೀಲಕ್ಕ ಸೇರಿಸಿದರು. ಪ್ರಕಾಶ ಫೋನಿನಲ್ಲೇ ದುಡ್ಡು ಹಾಕಿಬಿಡಲು ಹೊರಟ. ಅರ್ಧಾಣೆ ಎಂದರೆ ಮೂರು ಪೈಸೆ ಚಿಲ್ಲರೆ. ಅವನ ಫೋನು ಅಷ್ಟು ಸಣ್ಣ ಮೊತ್ತವನ್ನು ತೆಗೆದುಕೊಳ್ಳಲಿಲ್ಲ. ನೂರು ರೂಪಾಯಿ ಕೊಡಲು ಬಂದ, ನಾನು ಮುನಿಸಿನಲ್ಲಿ ಬೇಡವೆಂದೆ. ಅರ್ಧಾಣೆ ಎಂದರೆ ಅರ್ಧಾಣೆಯೇ ಎಂದು ಹಟ ಹಿಡಿದೆ. ಅವನು ಆಚೀಚೆ ನೋಡಿ, ಕೌಂಟರಿನ ಭರಣಿಯಿಂದ ಒಂದು ಮಾವಿನಕಾಯಿ ಚಾಕಲೇಟು ತೆಗೆದು ನನ್ನ ಡಬ್ಬಿಯ ಹತ್ತಿಯ ಮೇಲೆ ಇಟ್ಟ.

"ಸದ್ಯಕ್ಕೆ ಇದು ಇರ್ಲಿ ಸರ್. ಎಲ್ಲಿಯಾದ್ರೂ ಅರ್ಧಾಣೆ ಸಿಕ್ಕಿದ ಕೂಡ್ಲೆ ಕೊಡ್ತೇನೆ. ಇದನ್ನು ವಾಪಸು ತನ್ನಿ, ತಿನ್ಬೇಡಿ."

ಮರುದಿನ ನೀಲಕ್ಕ ಫೋನು ಮಾಡಿದರು. ಒಪ್ಪಿಸಿ ಆಯಿತು, ತಲೆಯ ಮೇಲಿನ ಒಂದು ಕೊಡಪಾನ ಇಳಿಸಿದ ಹಾಗೆ ಆಯಿತು ಎಂದರು. ಅವರ ಸಂತೋಷ ಕೇಳಿ ನನ್ನ ಮುನಿಸು ಕರಗಿತು. ಜೊತೆಗೆ ಒಂದು ಅಳುಕೂ ಶುರುವಾಯಿತು. ತಡೆಯಲಾರದೆ ನಾಣ್ಯದ ಪೂರ್ವಚರಿತ್ರೆಯನ್ನು, ಬಾಳೆಹಣ್ಣು ಸಮೇತ, ಹೇಳಿಬಿಟ್ಟೆ.

ಬೈಗುಳಕ್ಕೆ ಕಾದೆ.

"ನೀವು ಆಗ ಕೂಸಾ?" ಎಂದರು.

"ನಾಲ್ಕು ವರ್ಷ."

"ನಿಮ್ಮ ಅಜ್ಜಿ ಆ ಮೂರು ದಿವಸ ಸುಮ್ಮನೆ ಕೂತಿರ್ಲಿಕ್ಕಿಲ್ಲ. ಎಂತಾದ್ರೂ ಹೇಳಿಕೊಂಡಿರ್ತಾರೆ. ಅದೂ ಇದರೊಟ್ಟಿಗೆ ಸಂದಿತು ಅಂತ ಎಣಿಸಿ" ಎಂದರು. ಕೋಲು ಹಿಡಿದು ಹಿತ್ತಲಿನಲ್ಲಿ ನಿಂತಿದ್ದ ಅಜ್ಜಿ ಅರುವತ್ತು ವರ್ಷಗಳ ಮೇಲೆ ಆ ದಿನ ತುಂಬಾ ನೆನಪಾದಳು.

ಹೆಂಡತಿ ಇಷ್ಟನ್ನೂ ಕೇಳಿ ಮುಗಿಸಿದಳು. ಚಾಕಲೇಟನ್ನು ಹೊರಗೆ ಎಸೆಯುತ್ತಾಳೆಂದು ನಾನು ಎಣಿಸಿದ್ದೆ. ಅವಳು ಅದರ ಮೇಲಿನ ಇರುವೆಗಳನ್ನು ಮೆಲ್ಲಗೆ ಕೊಡವಿ, ಒಂದು ಸ್ಟೀಲಿನ ಕರಡಿಗೆಯಲ್ಲಿ ಹಾಕಿ, ಕರಡಿಗೆಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಳು.

"ನನಗೆ ಎಂತಾದ್ರೂ ಆದ್ರೆ ನೀನು ಇದನ್ನು ಪ್ರಕಾಶನ ಅಂಗಡಿಗೆ ತಕ್ಕೊಂಡು ಹೋಗ್ಬೇಕು" ಎಂದೆ. "ಅಷ್ಟರಲ್ಲಿ ಅವ ಅಂಗಡಿ ಮುಚ್ಚಿದ್ರೆ ಎಂತ ಮಾಡುದು?"

"ಕೊಡ್ತಾರೆ" ಎಂದಳು, ತಟ್ಟೆಗೆ ಇನ್ನಷ್ಟು ನೀರು ಹೊಯ್ಯುತ್ತಾ. "ಆ ಮನೆಯವರು ಕೊಡ್ತಾರೆ. ಸ್ವಲ್ಪ ತಡ ಆಗ್ತದೆ, ಅಷ್ಟೆ."